ದುಡಿಮೆಯ ಬುಡದಲ್ಲಿ ಮೂರು ಗೂಟ

ಫ್ರಾನ್ಸಿನಲ್ಲಿ ದುಡಿಮೆಯ ಮಾತು ಎದ್ದಾಗಲೆಲ್ಲ ಅದರ ಬೆನ್ನಿಗೇ ಒಂದು ಕಥೆ ಬರುತ್ತದೆ. ನಿವೃತ್ತಿಯ ವಯಸ್ಸು ಏರಿಸಬೇಕೇ ಬೇಡವೇ ಎಂದು ಟಿ.ವಿ.ಯಲ್ಲಿ ಚರ್ಚೆ ನಡೆಯುತ್ತಿರಲಿ, ಶಾಲೆಯ ಕೊನೆಯ ವರ್ಷದ ತತ್ತ್ವಶಾಸ್ತ್ರದ ತರಗತಿಯಲ್ಲಿ ಮೇಷ್ಟ್ರು ‘ದುಡಿಮೆ’ ಎಂಬ ಪಾಠ ಶುರು ಮಾಡಲಿ, ಯಾರಾದರೊಬ್ಬರು ಅದನ್ನು ಹೇಳಿಯೇ ಹೇಳುತ್ತಾರೆ. ‘ದುಡಿ’ ಎಂಬುದಕ್ಕೆ ಫ್ರೆಂಚರು ಬಳಸುವ ಕ್ರಿಯಾಪದ ‘ತ್ರಾವಾಯೇ’. ಅದರ ನಾಮಪದ ‘ತ್ರಾವಾಯ್’. ಈ ಎರಡೂ ಲ್ಯಾಟಿನ್ನಿನ ‘ತ್ರಿಪಾಲಿಯುಂ’ ಎಂಬ ಮಾತಿನಿಂದ ಬಂದವು. ತ್ರಿಪಾಲಿಯುಂ ಎಂದರೆ ಮೂರು ಗೂಟ ನೆಟ್ಟು, ಮನುಷ್ಯನನ್ನು ಅದಕ್ಕೆ ಕಟ್ಟಿ ಹಿಂಸಿಸುತ್ತಿದ್ದ ಸಾಧನ. ಆದ್ದರಿಂದ ದುಡಿಮೆ ಎಂದರೆ ಮೂಲದಲ್ಲಿ ಚಿತ್ರಹಿಂಸೆ. ಇದು ಆ ಕಥೆ.

ಕೇಳಿದವರು ಮರೆಯದ ಕಥೆ ಇದು. ಬೆಳಿಗ್ಗೆ ಎದ್ದು ಮೆಟ್ರೊ ಹಿಡಿದು ಓಡುವವನಿಗೆ, ತನ್ನ ಆಯಾಸಕ್ಕೆ ಎರಡು ಸಾವಿರ ವರ್ಷದ ಸಾಕ್ಷಿ ಸಿಕ್ಕಂತಾಗುತ್ತದೆ. ಆದರೆ ಈ ಕಥೆಯಲ್ಲಿ ಎಷ್ಟು ಭಾಗ ದಾಖಲೆ, ಎಷ್ಟು ಭಾಗ ಊಹೆ ಎಂದು ಬಿಡಿಸಿ ನೋಡಿದರೆ, ಹೇಳಿದ ಕಥೆಗಿಂತ ಹೇಳದೆ ಉಳಿದದ್ದೇ ಹೆಚ್ಚು ಸೊಗಸಾಗಿದೆ. ಮೂರು ಗೂಟಕ್ಕಷ್ಟೇ ಕಟ್ಟಿಹಾಕಿದರೆ ಈ ಪದಕ್ಕೆ ಅನ್ಯಾಯವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಫ್ರೆಂಚ್ ಪದ, ನಮಗೇನು ಸಂಬಂಧ ಎಂದು ಕೇಳುವವರು ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಒಮ್ಮೆ ತಲೆಯೆತ್ತಿ ನೋಡಲಿ. ಸಾಲು ಸಾಲು ಫಲಕಗಳ ಮೇಲೆ ‘ಟ್ರಾವೆಲ್ಸ್’ ಎಂದಿರುತ್ತದೆ. ಅದು ಇದೇ ಪದ. ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಲ್ಯಾಟಿನ್ನಿಗೆ ಹೋಗೋಣ. ರೋಮನ್ನರಿಗೆ ದುಡಿಮೆಯನ್ನು ಹೇಳಲು ಪದಗಳ ಬರವೇನೂ ಇರಲಿಲ್ಲ. ಮೈಮುರಿಯುವ, ಬೆವರಿಳಿಸುವ ಶ್ರಮಕ್ಕೆ ‘ಲಾಬೊರ್’ ಎನ್ನುತ್ತಿದ್ದರು. ಅದರ ಕ್ರಿಯಾಪದ ‘ಲಾಬೊರಾರೆ’. ಮಾಡಿ ಮುಗಿಸಿದ ಕೆಲಸಕ್ಕೆ, ಕೈಯಿಂದ ಮೂಡಿದ ಕೃತಿಗೆ ‘ಓಪುಸ್’ ಎನ್ನುತ್ತಿದ್ದರು. ಅದರ ಕ್ರಿಯಾಪದ ‘ಓಪೆರಾರಿ’. ಒಂದು ಪದ ಪಟ್ಟ ಪಾಡನ್ನು ಹೇಳುತ್ತದೆ, ಇನ್ನೊಂದು ಆ ಪಾಡಿನ ಫಲವನ್ನು. ಎರಡೂ ಇಂಗ್ಲಿಷಿನ ಮೂಲಕ ಕನ್ನಡದ ಬಾಯಿಗೆ ಬಂದಿವೆ. ಕಟ್ಟಡದ ಮೇಸ್ತ್ರಿ ‘ಇವತ್ತು ಲೇಬರ್ ಬಂದಿಲ್ಲ’ ಎನ್ನುವಾಗ, ಹೆರಿಗೆಗೆ ಬಂದವಳನ್ನು ‘ಲೇಬರ್ ವಾರ್ಡ್’ಗೆ ಕರೆದೊಯ್ಯುವಾಗ, ರಕ್ತಪರೀಕ್ಷೆಗೆ ‘ಲ್ಯಾಬ್’ಗೆ ಹೋಗಿ ಎಂದು ಡಾಕ್ಟರು ಚೀಟಿ ಬರೆಯುವಾಗ ನಾವು ಲಾಬೊರ್‌ನ ಮಕ್ಕಳು ಮೊಮ್ಮಕ್ಕಳನ್ನೇ ಬಳಸುತ್ತಿದ್ದೇವೆ. ‘ಆಪರೇಷನ್’ ಎಂದಾಗ ಓಪೆರಾರಿಯನ್ನು.

ಲ್ಯಾಟಿನ್ನಿನ ಹೆಣ್ಣುಮಕ್ಕಳಾದ ಭಾಷೆಗಳಲ್ಲಿ ಈ ಜೋಡಿಯ ಪಾಡು ಬೇರೆ ಬೇರೆಯಾಯಿತು. ಇಟಲಿಯವರು ಲಾಬೊರಾರೆಯನ್ನೇ ಉಳಿಸಿಕೊಂಡು ‘ಲಾವೊರಾರೆ’ ಎಂದರು. ಇಂದಿಗೂ ಅವರಿಗೆ ದುಡಿಯುವುದೆಂದರೆ ಅದೇ. ಫ್ರಾನ್ಸಿನಲ್ಲಿ ಅದು ‘ಲಾಬೂರೇ’ ಆಯಿತು. ಮೊದಮೊದಲು ಎಲ್ಲ ಬಗೆಯ ದುಡಿಮೆಗೂ ಸಲ್ಲುತ್ತಿದ್ದ ಪದ, ಕಾಲಕ್ರಮದಲ್ಲಿ ಹೊಲಕ್ಕಿಳಿದು ಅಲ್ಲೇ ನಿಂತುಬಿಟ್ಟಿತು. ಇಂದು ಫ್ರೆಂಚಿನಲ್ಲಿ ಲಾಬೂರೇ ಎಂದರೆ ಉಳುವುದು. ‘ಲಾಬೂರೂರ್’ ಎಂದರೆ ಉಳುವವನು. ಒಕ್ಕಲುತನವೇ ಬದುಕಾಗಿದ್ದ ನಾಡಿನಲ್ಲಿ ದುಡಿಮೆ ಎಂಬ ಮಾತೇ ನೇಗಿಲಿಗೆ ಸಂದುಹೋಯಿತು. ಓಪೆರಾರಿ ಅಲ್ಲಿ ‘ಉವ್ರೇ’ ಆಗಿ, ಕುಶಲಕರ್ಮಿಗಳ ದುಡಿಮೆಗೆ, ಕೊನೆಗೆ ಎಲ್ಲ ದುಡಿಮೆಗೂ ನಿಂತಿತು. ಅಂದರೆ ಮಧ್ಯಯುಗದ ಫ್ರೆಂಚ್ ಬಡಗಿಯನ್ನೋ ನೇಕಾರನನ್ನೋ ಏನು ಮಾಡುತ್ತೀಯ ಎಂದು ಕೇಳಿದ್ದರೆ ಅವನು ಉವ್ರೇ ಎಂಬ ಮಾತಿನಿಂದ ಉತ್ತರ ಕೊಡುತ್ತಿದ್ದ. ತ್ರಾವಾಯೇ ಎಂಬ ಮಾತು ಅವನಿಗೆ ಗೊತ್ತಿತ್ತು, ಆದರೆ ಅದರ ಅರ್ಥವೇ ಬೇರೆ ಇತ್ತು.

ಇನ್ನು ಮೂರು ಗೂಟದ ಕಡೆಗೆ ಬರೋಣ. ಲ್ಯಾಟಿನ್ನಿನಲ್ಲಿ ‘ಪಾಲುಸ್’ ಎಂದರೆ ಗೂಟ, ಕಂಬ. ಇಂಗ್ಲಿಷಿನ ‘ಪೋಲ್’ ಅದರ ವಂಶದ್ದು. ‘ತ್ರಿ’ ಎಂಬುದನ್ನು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಎರಡೂ ಕೂಡಿದರೆ ತ್ರಿಪಾಲಿಯುಂ. ಆದರೆ ಸಿಸೆರೊ, ವರ್ಜಿಲ್‌ರಂಥ ಹಳೆಯ ಲ್ಯಾಟಿನ್ ದಿಗ್ಗಜರ ಬರಹಗಳಲ್ಲಿ ಈ ಪದವನ್ನು ಹುಡುಕಿ ಫಲವಿಲ್ಲ. ರೋಮ್ ಸಾಮ್ರಾಜ್ಯ ಪಶ್ಚಿಮದಲ್ಲಿ ಕುಸಿದು ಸುಮಾರು ನೂರು ವರ್ಷವಾದ ಮೇಲೆ ಅದು ಒಂದು ಚರ್ಚ್ ದಾಖಲೆಯಲ್ಲಿ ಕಾಣಿಸುತ್ತದೆ. ಬರ್ಗಂಡಿ ಸೀಮೆಯ ಓಸೇರ್ ಎಂಬ ಊರಿನಲ್ಲಿ ಅಲ್ಲಿನ ಬಿಷಪ್ ತನ್ನ ವ್ಯಾಪ್ತಿಯ ಪಾದ್ರಿಗಳ ಸಭೆ ಕರೆದ. ಸಭೆ ನಡೆದದ್ದು 561 ಮತ್ತು 605ರ ನಡುವೆ. ಪಾದ್ರಿಗಳು ಹೇಗೆ ನಡೆದುಕೊಳ್ಳಬೇಕು, ಏನು ಮಾಡಬಾರದು ಎಂದು ಆ ಸಭೆ 45 ಕಟ್ಟಳೆಗಳನ್ನು ವಿಧಿಸಿತು. 33ನೆಯ ಕಟ್ಟಳೆಯ ತಿರುಳು ಇಷ್ಟು: ತಪ್ಪಿತಸ್ಥರಿಗೆ ಹಿಂಸೆ ಕೊಡುವ ‘ತ್ರೆಪಾಲಿಯುಂ’ ಬಳಿ ಪಾದ್ರಿಯಾದವನು ನಿಲ್ಲಕೂಡದು.

ಆ ಒಂದು ವಾಕ್ಯವೇ ಇಡೀ ಕಥೆಯ ಆಧಾರಸ್ತಂಭ. ಗಮನಿಸಿ ಓದಿದರೆ ಅದರಲ್ಲಿ ಎರಡು ಸಂಗತಿಗಳಿವೆ. ಆರನೇ ಶತಮಾನದ ಗಾಲ್ ನಾಡಿನಲ್ಲಿ, ಅಂದರೆ ಇಂದಿನ ಫ್ರಾನ್ಸಿನಲ್ಲಿ, ತ್ರೆಪಾಲಿಯುಂ ಎಂಬ ಹೆಸರಿನ ಹಿಂಸೆಯ ತಾಣ ಅಥವಾ ಸಾಧನವೊಂದು ನಿಜವಾಗಿಯೂ ಇತ್ತು, ಜನರಿಗೆ ವಿವರಿಸದೆ ಹೇಳುವಷ್ಟು ಅದು ಪರಿಚಿತವಾಗಿತ್ತು. ಇದು ಮೊದಲನೆಯದು. ಎರಡನೆಯದು, ಅಲ್ಲಿ ನಿಂತು ನೋಡುವುದೇ ದೇವರ ಸೇವೆಯಲ್ಲಿರುವವನಿಗೆ ತಕ್ಕುದಲ್ಲ ಎಂದು ಚರ್ಚ್ ಭಾವಿಸಿತ್ತು. ಆದರೆ ಆ ಸಾಧನ ಹೇಗಿತ್ತು, ಗೂಟಗಳು ನಿಂತಿದ್ದವೇ ಅಡ್ಡವಿದ್ದವೇ, ಮನುಷ್ಯನನ್ನು ಹೇಗೆ ಕಟ್ಟುತ್ತಿದ್ದರು ಎಂಬುದರ ಬಗ್ಗೆ ಕಟ್ಟಳೆ ಒಂದಕ್ಷರವನ್ನೂ ಹೇಳುವುದಿಲ್ಲ. ಇಂದು ಪುಸ್ತಕಗಳಲ್ಲಿ, ಅಂತರ್ಜಾಲದಲ್ಲಿ ಕಾಣುವ ಚಿತ್ರಗಳೆಲ್ಲ ಹೆಸರನ್ನು ಓದಿ ಬಿಡಿಸಿದವು.

ಈ ತ್ರೆಪಾಲಿಯುಂಗೂ ಫ್ರೆಂಚರ ತ್ರಾವಾಯ್‌ಗೂ ಗಂಟು ಹಾಕಿದವರು ಪೌಲ್ ಮೇಯೆರ್. ಮಧ್ಯಯುಗದ ಹಸ್ತಪ್ರತಿಗಳನ್ನು ಅರೆದು ಕುಡಿದ ವಿದ್ವಾಂಸ. ಇನ್ನೊಬ್ಬ ವಿದ್ವಾಂಸ ಗಾಸ್ತೋಂ ಪಾರಿಸ್ ಜೊತೆ ಸೇರಿ 1872ರಲ್ಲಿ ‘ರೊಮಾನಿಯಾ’ ಎಂಬ ವಿದ್ವತ್ಪತ್ರಿಕೆ ಶುರು ಮಾಡಿದವರು. ಮುಂದೆ 1898ರಲ್ಲಿ ಲೇಖಕ ಜೋಲಾ ಮೇಲಿನ ಮೊಕದ್ದಮೆಯಲ್ಲಿ ನ್ಯಾಯಾಲಯದ ಮುಂದೆ ನಿಂತು, ಬೇಹುಗಾರಿಕೆಯ ಸುಳ್ಳು ಆರೋಪ ಹೊತ್ತಿದ್ದ ಸೇನಾಧಿಕಾರಿ ಡ್ರೇಫುಸ್‌ನನ್ನು ಸಿಕ್ಕಿಸಿದ ಕಾಗದದ ಕೈಬರಹ ಡ್ರೇಫುಸ್‌ನದಲ್ಲ ಎಂದು ಸಾಕ್ಷಿ ಹೇಳಿದವರೂ ಇವರೇ. ಅಕ್ಷರದ ಒಂದು ಬಾಲವನ್ನೂ ಬಿಡದೆ ನೋಡುವ ಕಣ್ಣು ಅದು. 1888ರಲ್ಲಿ ರೊಮಾನಿಯಾದಲ್ಲಿ ಅವರು ಬರೆದ ಕೆಲವೇ ಪುಟಗಳ ಟಿಪ್ಪಣಿ ಇಂದಿನ ಕಥೆಯ ತಾಯಿಬೇರು.

ಅದಕ್ಕೆ ಮೊದಲು ಪಂಡಿತರು ಬೇರೆ ದಾರಿಯಲ್ಲಿ ಹುಡುಕುತ್ತಿದ್ದರು. ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಫ್ರೀಡ್ರಿಕ್ ಡೀಟ್ಸ್, ಲ್ಯಾಟಿನ್ ಸಂತತಿಯ ಭಾಷೆಗಳ ಚರಿತ್ರೆಗೆ ಅಡಿಗಲ್ಲಿಟ್ಟವರು, ‘ತ್ರಾಬ್ಸ್’ ಎಂಬ ಪದದ ಕಡೆ ಬೆರಳು ತೋರಿದ್ದರು. ತ್ರಾಬ್ಸ್ ಎಂದರೆ ಮರದ ತೊಲೆ. ಕಾಲಿಗೆ ಅಡ್ಡಕಟ್ಟಿಗೆ ಹಾಕಿ ನಡೆಯದಂತೆ ಮಾಡುವುದಕ್ಕೆ ಫ್ರೆಂಚಿನಲ್ಲಿರುವ ‘ಆಂತ್ರಾವೇ’ ಎಂಬ ಕ್ರಿಯಾಪದ ಈ ತೊಲೆಯಿಂದಲೇ ಬಂದದ್ದು. ತ್ರಾವಾಯೇಯೂ ಹಾಗೇ ಏಕಿರಬಾರದು ಎಂಬುದು ಅವರ ತರ್ಕ.

ಮೇಯೆರ್ ಒಂದು ಸ್ವರವನ್ನು ಹಿಡಿದುಕೊಂಡರು. ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ನುಡಿಯ ಹಳೆಯ ಬರಹಗಳಲ್ಲಿ ಈ ಪದ ‘ತ್ರೆಬಾಲ್’ ಎಂದು ‘ಎ’ಕಾರದಿಂದ ಕಾಣಿಸುತ್ತದೆ. ಕತಲಾನ್ ಭಾಷೆಯಲ್ಲಿ ಇಂದಿಗೂ ಅದೇ ಎಕಾರ. ತ್ರಾಬ್ಸ್‌ನ ‘ಆ’ಕಾರ ಆ ನುಡಿಗಳಲ್ಲಿ ಎಕಾರವಾಗಲು ಕಾರಣವಿಲ್ಲ. ‘ತ್ರಿ’ಯಲ್ಲಿರುವ ಹ್ರಸ್ವ ಇಕಾರ ಎಕಾರವಾಗುವುದು ಮಾತ್ರ ಲ್ಯಾಟಿನ್ ಸಂತತಿಯಲ್ಲಿ ಎಲ್ಲೆಡೆ ಕಾಣುವ ನಡೆ. ಓಸೇರ್‌ನ ಪಾದ್ರಿಗಳೇ ತ್ರಿಪಾಲಿಯುಂ ಎಂದು ಬರೆಯದೆ ತ್ರೆಪಾಲಿಯುಂ ಎಂದು ಬರೆದದ್ದೂ ಇದೇ ಕಾರಣಕ್ಕೆ. ಅವರ ಬಾಯಲ್ಲಿ ಆಗಲೇ ಸ್ವರ ಬದಲಾಗಿತ್ತು.

ಇಂಥ ನಿಯಮಗಳನ್ನು ಕಂಡು ಅಚ್ಚರಿಪಡಬೇಕಿಲ್ಲ. ಹಳಗನ್ನಡದ ಪಾಲ್ ನಮ್ಮಲ್ಲಿ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಯಾರೋ ಒಬ್ಬರು ತಮಗೆ ತೋಚಿದಂತೆ ಒಂದು ಪದವನ್ನು ತಿರುಚಲಿಲ್ಲ, ಮೊದಲಲ್ಲಿದ್ದ ಪಕಾರಗಳು ಸಾಲಾಗಿ ಹಕಾರವಾದವು. ಲ್ಯಾಟಿನ್ನಿನ ಪಕಾರಕ್ಕೂ ಒಂದು ಸಾಲು ನಡೆ ಇದೆ. ಎರಡು ಸ್ವರಗಳ ನಡುವೆ ಸಿಕ್ಕಿದ ಪಕಾರ ಸ್ಪೇನಿನಲ್ಲಿ ಬಕಾರವಾಗುತ್ತದೆ, ಫ್ರಾನ್ಸಿನಲ್ಲಿ ವಕಾರವಾಗುತ್ತದೆ. ತಿಳಿವಿಗೆ ಸಂಬಂಧಿಸಿದ ಲ್ಯಾಟಿನ್ನಿನ ‘ಸಾಪೆರೆ’ ಸ್ಪ್ಯಾನಿಷಿನಲ್ಲಿ ‘ಸಾಬೇರ್’, ಫ್ರೆಂಚಿನಲ್ಲಿ ‘ಸಾವ್ವಾರ್’. ತಲೆಗೂದಲಿನ ‘ಕಾಪಿಲ್ಲುಂ’ ಅಲ್ಲಿ ‘ಕಬೇಯೊ’, ಇಲ್ಲಿ ‘ಶವ್ಯೋ’. ಅದೇ ಲೆಕ್ಕದಲ್ಲಿ ತ್ರೆಪಾಲಿಯುಂ ಸ್ಪೇನಿನಲ್ಲಿ ಬಕಾರ ಪಡೆದು ‘ತ್ರಬಾಹೊ’ ಆಗಬೇಕು, ಫ್ರಾನ್ಸಿನಲ್ಲಿ ವಕಾರ ಪಡೆದು ‘ತ್ರಾವಾಯ್’ ಆಗಬೇಕು. ಆಗಿದೆ. ಕೊನೆಯ ಭಾಗಕ್ಕೂ ಸಾಕ್ಷಿಗಳಿವೆ. ಒಣಹುಲ್ಲಿಗೆ ಲ್ಯಾಟಿನ್ನಿನಲ್ಲಿ ‘ಪಾಲೆಯಾ’. ಸ್ಪ್ಯಾನಿಷರು ಅದನ್ನು ‘ಪಾಹಾ’ ಮಾಡಿದರು, ಫ್ರೆಂಚರು ‘ಪಾಯ್’ ಮಾಡಿದರು, ಪೋರ್ಚುಗೀಸರು ‘ಪಾಲ್ಯಾ’ ಮಾಡಿದರು. ದುಡಿಮೆಗೆ ಪೋರ್ಚುಗೀಸರ ಪದ ‘ತ್ರಬಾಲ್ಯು’. ಮೂರು ದೇಶಗಳ ನಾಲಿಗೆಯಲ್ಲಿ ಮೂರು ರೂಪ, ಮೂರೂ ತಂತಮ್ಮ ನಿಯಮಕ್ಕೆ ಬದ್ಧ. ಆದರೆ ಈ ಮೂರೂ ರೂಪಗಳ ಮೊದಲಲ್ಲಿ ಎಕಾರದ ಬದಲು ಅಕಾರ ಏಕೆ ಬಂತು ಎಂಬ ತೊಡಕೊಂದು ಉಳಿಯುತ್ತದೆ. ರಕಾರದ ನೆರೆಯಿಂದಾಗಿ ಎನ್ನುವವರಿದ್ದಾರೆ, ತ್ರಾಬ್ಸ್ ಎಂಬ ತೊಲೆಯ ಪದ ಬಂದು ತಾಕಿದ್ದರಿಂದ ಎನ್ನುವವರೂ ಇದ್ದಾರೆ.

ಧ್ವನಿಯ ಕಡೆಯಿಂದ ಮೇಯೆರ್ ಕಟ್ಟಿದ ವಾದ ಗಟ್ಟಿ. ಇಪ್ಪತ್ತನೇ ಶತಮಾನದ ದೊಡ್ಡ ವ್ಯುತ್ಪತ್ತಿ ಕೋಶಗಳು, ವಾಲ್ಟರ್ ಫಾನ್ ವಾರ್ಟ್‌ಬುರ್ಗ್ ಅವರ ಬೃಹತ್ ಕೋಶದಿಂದ ಹಿಡಿದು ಅಲ್ಯಾಂ ರೇ ಸಂಪಾದಿಸಿ 1992ರಲ್ಲಿ ಹೊರಬಂದ ಫ್ರೆಂಚ್ ಭಾಷೆಯ ಚಾರಿತ್ರಿಕ ನಿಘಂಟಿನವರೆಗೆ, ಅದನ್ನು ಒಪ್ಪಿಕೊಂಡವು.

ಆದರೆ ಒಂದು ಸಣ್ಣ ಚಿಹ್ನೆಯನ್ನು ಓದುಗರು ಹಾರಿಸಿಬಿಡುತ್ತಾರೆ. ಕೋಶಗಳಲ್ಲಿ ತ್ರಾವಾಯೇಯ ಮೂಲವಾಗಿ ‘ತ್ರಿಪಾಲಿಯಾರೆ’ ಎಂಬ ಲ್ಯಾಟಿನ್ ಕ್ರಿಯಾಪದವನ್ನು ಕೊಟ್ಟಿರುತ್ತಾರೆ, ಅದರ ತಲೆಯ ಮೇಲೆ ಒಂದು ನಕ್ಷತ್ರ ಇರುತ್ತದೆ. ವ್ಯುತ್ಪತ್ತಿ ಕೋಶಗಳಲ್ಲಿ ಆ ನಕ್ಷತ್ರಕ್ಕೆ ಒಂದೇ ಅರ್ಥ: ಈ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ಇದ್ದಿರಬೇಕು ಎಂದು ವಿದ್ವಾಂಸರು ಕಟ್ಟಿಕೊಂಡದ್ದು. ಓಸೇರ್‌ನ ಕಟ್ಟಳೆಗೂ ಹಳೆಯ ಫ್ರೆಂಚಿನಲ್ಲಿ ತ್ರಾವಾಯೇ ಮೊದಲು ಕಾಣಿಸಿಕೊಳ್ಳುವುದಕ್ಕೂ ನಡುವೆ ಸುಮಾರು ಐದು ನೂರು ವರ್ಷಗಳ ಕಂದರವಿದೆ. ಸಾಧನದ ಹೆಸರಿನಿಂದ ‘ಹಿಂಸಿಸು’ ಎಂಬ ಕ್ರಿಯಾಪದ ಹುಟ್ಟಿದ ಗಳಿಗೆಯನ್ನು ಕಂಡವರಿಲ್ಲ. ಆಂದ್ರೇ ಎಸ್ಕೆನಾಜಿ ಎಂಬ ಭಾಷಾಶಾಸ್ತ್ರಜ್ಞರು 2008ರಲ್ಲಿ, ಅದೇ ರೊಮಾನಿಯಾ ಪತ್ರಿಕೆಯಲ್ಲಿ, ಇಡೀ ಪ್ರಶ್ನೆಯನ್ನು ಮತ್ತೆ ಕೆದಕಿದರು. ನೂರಿಪ್ಪತ್ತು ವರ್ಷ ಮುಚ್ಚಿದಂತಿದ್ದ ಕಡತ ತೆರೆದುಕೊಂಡಿತು.

ತೊಲೆಯ ಪಕ್ಷದವರಿಗೂ ಒಂದು ಬಲವಾದ ಸಾಕ್ಷಿ ಇದೆ. ಅದು ಕಾಗದದ ಮೇಲಿಲ್ಲ, ಫ್ರಾನ್ಸಿನ ಹಳ್ಳಿಗಳಲ್ಲಿ ನೆಲದ ಮೇಲೆ ನಿಂತಿದೆ. ಓವೆರ್ನ್ಯ್, ಅವೇರೋಂ ಕಡೆಯ ಎಷ್ಟೋ ಊರುಗಳ ನಡುವೆ, ಹಳೆಯ ಕುಲುಮೆಯ ಪಕ್ಕ, ದಪ್ಪ ಮರದ ಚೌಕಟ್ಟೊಂದು ಇಂದಿಗೂ ಕಾಣುತ್ತದೆ. ಕೆಲವು ಕಡೆ ಕಂಬಗಳು ಕಲ್ಲಿನವು. ಅದರ ಹೆಸರೂ ‘ತ್ರಾವಾಯ್’. ಎತ್ತಿಗೆ ಲಾಳ ಕಟ್ಟುವ ಚೌಕಟ್ಟು ಅದು. ಕುದುರೆ ಮೂರು ಕಾಲಿನ ಮೇಲೆ ಸಲೀಸಾಗಿ ನಿಲ್ಲುತ್ತದೆ, ಒಂದು ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡು ಕಮ್ಮಾರ ಮೊಳೆ ಹೊಡೆಯಬಹುದು. ಎತ್ತು ಹಾಗೆ ನಿಲ್ಲುವುದಿಲ್ಲ. ಹಾಗಾಗಿ ನಾಲ್ಕು ಕಂಬ ನೆಟ್ಟು, ಮೇಲೆ ಉದ್ದಕ್ಕೂ ಅಡ್ಡಕ್ಕೂ ತೊಲೆ ಕೂರಿಸುತ್ತಿದ್ದರು. ಎತ್ತನ್ನು ಒಳಗೆ ಹೊಗಿಸಿ, ಮುಂದಿನ ಮರಕ್ಕೆ ಅದರ ಕೊಂಬು ಬಿಗಿದು, ಹೊಟ್ಟೆಯಡಿ ಅಗಲವಾದ ಚರ್ಮದ ಪಟ್ಟಿ ತೂರಿಸುತ್ತಿದ್ದರು. ಪಟ್ಟಿಯ ತುದಿ ಸುತ್ತಿದ ಪಕ್ಕದ ಮರವನ್ನು ಸಲಾಕಿ ಹಾಕಿ ತಿರುಗಿಸಿದರೆ ಪಟ್ಟಿ ಬಿಗಿದು ಎತ್ತಿನ ಭಾರವೆಲ್ಲ ಅದರ ಮೇಲೆ ಬೀಳುತ್ತಿತ್ತು. ಆಮೇಲೆ ಒಂದೊಂದೇ ಕಾಲನ್ನು ಮಡಿಸಿ ಮರದ ಕಟ್ಟೆಗೆ ಕಟ್ಟಿ, ಸೀಳುಗೊರಸಿನ ಎರಡು ಹೋಳಿಗೂ ಒಂದೊಂದು ತಗಡು ಬಡಿಯುತ್ತಿದ್ದರು. ಒಂದು ಎತ್ತಿಗೆ ನಾಲ್ಕು ಕಾಲಿಗೆ ಎಂಟು ತಗಡು.

ನಮ್ಮ ಕಡೆ ಲಾಳ ಕಟ್ಟುವವರಿಗೆ ಇಂಥ ಚೌಕಟ್ಟಿನ ಗೊಡವೆಯಿಲ್ಲ. ಹಗ್ಗ ಸುತ್ತಿ ಎತ್ತನ್ನು ನೆಲಕ್ಕೆ ಕೆಡವಿ, ನಾಲ್ಕೂ ಕಾಲು ಸೇರಿಸಿ ಕಟ್ಟಿ, ಒಬ್ಬ ತಲೆ ಹಿಡಿದರೆ ಇನ್ನೊಬ್ಬ ಲಾಳ ಬಡಿಯುತ್ತಾನೆ. ಎರಡೂ ಕಡೆ ಎತ್ತಿನ ಕಣ್ಣಲ್ಲಿ ಕಾಣುವ ಗಾಬರಿ ಒಂದೇ.

ಈ ಚೌಕಟ್ಟು ಮಧ್ಯಯುಗದಿಂದಲೂ ಇದೇ ಹೆಸರಿನಲ್ಲಿದೆ. ಫ್ರೆಂಚ್ ವ್ಯಾಕರಣ ಇದನ್ನು ಬೇರೆಯಾಗಿಯೇ ನೆನಪಿಟ್ಟುಕೊಂಡಿದೆ: ದುಡಿಮೆ ಎಂಬ ತ್ರಾವಾಯ್‌ಗೆ ಬಹುವಚನ ‘ತ್ರಾವೋ’, ಎತ್ತಿನ ಚೌಕಟ್ಟಿಗೆ ಮಾತ್ರ ಬಹುವಚನದಲ್ಲೂ ‘ತ್ರಾವಾಯ್’. ಕೋಶಕಾರರು ಇದನ್ನೂ ತ್ರಿಪಾಲಿಯುಂ ಕೆಳಗೇ ಸೇರಿಸುತ್ತಾರೆ. ಹಾಗೆ ಸೇರಿಸಿದರೆ ಮಾತ್ರ ನಮ್ಮ ಕಥೆ ಬದಲಾಗುತ್ತದೆ. ತ್ರಿಪಾಲಿಯುಂ ಎಂಬುದು ಹುಟ್ಟಿನಿಂದಲೇ ಮನುಷ್ಯನ ಹಿಂಸೆಗೆಂದು ಮಾಡಿದ ಯಂತ್ರವಾಗಿರಬೇಕಾಗಿಲ್ಲ. ಮರದ ಗೂಟಗಳಿಂದ ಕಟ್ಟಿದ, ಪ್ರಾಣಿಯನ್ನು ಅಲುಗಾಡದಂತೆ ಹಿಡಿಯುವ ಚೌಕಟ್ಟೇ ಮೊದಲಿದ್ದು, ಮನುಷ್ಯನನ್ನೂ ಅದರಲ್ಲೋ ಅದರಂಥದ್ದರಲ್ಲೋ ಬಿಗಿದಾಗ ಅದು ಹಿಂಸೆಯ ಹೆಸರಾಯಿತು ಎಂದರೆ, ಪದದ ತಿರುಳಿನಲ್ಲಿರುವುದು ನೋವಿಗಿಂತ ಮೊದಲು ಬಂಧನ. ಅಲ್ಲಾಡಲಾಗದ ಸ್ಥಿತಿ. ನನಗೆ ಈ ದಾರಿ ಹೆಚ್ಚು ಸಹಜವಾಗಿ ಕಾಣುತ್ತದೆ.

ಹಳೆಯ ಫ್ರೆಂಚಿನಲ್ಲಿ ತ್ರಾವಾಯೇ ಬಳಕೆಯಾದ ಜಾಗಗಳನ್ನು ನೋಡಿದರೆ ಅಲ್ಲಿ ಕಾರ್ಖಾನೆಯೂ ಇಲ್ಲ, ಸಂಬಳವೂ ಇಲ್ಲ. ಕಾಯಿಲೆ ಮನುಷ್ಯನನ್ನು ತ್ರಾವಾಯೇ ಮಾಡುತ್ತದೆ, ಅಂದರೆ ಹಿಂಡುತ್ತದೆ. ಚಿಂತೆಯೂ ಹಾಗೇ ಮಾಡುತ್ತದೆ. ಯುದ್ಧ ನಾಡನ್ನು ಹಾಗೆ ಮಾಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಹೆರಿಗೆಯ ಬೇನೆ ತಿನ್ನುತ್ತಿರುವ ಹೆಂಗಸು ‘ತ್ರಾವಾಯ್‌ನಲ್ಲಿದ್ದಾಳೆ’. ಈ ಅರ್ಥ ಇಂದಿಗೂ ಜೀವಂತ. ಫ್ರಾನ್ಸಿನ ಹೆರಿಗೆ ಆಸ್ಪತ್ರೆಗಳಲ್ಲಿ ನಮ್ಮ ಲೇಬರ್ ವಾರ್ಡಿಗೆ ‘ಸಾಲ್ ದ ತ್ರಾವಾಯ್’ ಎನ್ನುತ್ತಾರೆ. ಇಟಲಿಯವರು ಫ್ರೆಂಚರಿಂದ ಕಡ ತಂದ ‘ತ್ರಾವಾಲ್ಯೊ’ವನ್ನು ಹೆರಿಗೆಯ ಬೇನೆಗೇ ಮುಖ್ಯವಾಗಿ ಬಳಸುತ್ತಾರೆ. ದುಡಿಮೆಯ ಮೂಲ ಚಿತ್ರಹಿಂಸೆ ಎಂದು ಹೇಳುವವರು ಈ ಹೆಂಗಸನ್ನು ಪೂರ್ತಿ ಮರೆಯುತ್ತಾರೆ, ಅದು ನನಗೆ ಬೇಸರದ ಸಂಗತಿ. ಗೂಟಕ್ಕೆ ಕಟ್ಟಿದವನ ನೋವು ಎಲ್ಲಿಗೂ ಮುಟ್ಟಿಸುವುದಿಲ್ಲ. ಇವಳ ನೋವಿನ ಆಚೆ ತುದಿಯಲ್ಲಿ ಮಗು ಇದೆ. ನೋವು ಎಂಬ ಪದ ಫಲ ಕೊಡುವ ದುಡಿಮೆ ಎಂಬ ಅರ್ಥಕ್ಕೆ ದಾಟಿದ ಸೇತುವೆ ಯಾವುದು ಎಂದು ಕೇಳಿದರೆ ನಾನು ಹೆರಿಗೆಮನೆಯನ್ನೇ ತೋರಿಸುತ್ತೇನೆ.

ಬೇರೆ ಕೆಲವು ಬಳಕೆಗಳಲ್ಲೂ ಹಳೆಯ ಅರ್ಥ ಮಾಸಿಲ್ಲ. ಬಾಗಿಲಿನ ಮರ ಮಳೆಗಾಲದಲ್ಲಿ ಉಬ್ಬಿ ಸೆಟೆದರೆ ಫ್ರೆಂಚ್ ಬಡಗಿ ಮರ ತ್ರಾವಾಯೇ ಮಾಡುತ್ತಿದೆ ಎನ್ನುತ್ತಾನೆ. ಪೀಪಾಯಿಯಲ್ಲಿ ದ್ರಾಕ್ಷಾರಸ ಹುದುಗಿದರೂ ಅದೇ ಮಾತು. ಪಶ್ಚಾತ್ತಾಪ ಕೊರೆಯುತ್ತಿದ್ದರೂ ಅದೇ.

ಟ್ರಾವೆಲ್ಸ್ ಫಲಕದ ಗುಟ್ಟು ಇಲ್ಲಿದೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅವನ ಜನರ ಫ್ರೆಂಚ್ ಪದಗಳು ದಂಡುಗಟ್ಟಿ ಇಂಗ್ಲಿಷಿಗೆ ನುಗ್ಗಿದವು. ಈ ಪದವೂ ಹೋಯಿತು, ಪಾಡು ಪಡುವುದು ಎಂಬ ಅರ್ಥದಲ್ಲಿ. ಆ ಕಾಲದಲ್ಲಿ ಊರಿಂದೂರಿಗೆ ಹೋಗುವುದಕ್ಕಿಂತ ದೊಡ್ಡ ಪಾಡು ಇರಲಿಲ್ಲ. ಕೆಸರಿನ ಹಾದಿ, ಸೇತುವೆಯಿಲ್ಲದ ಹೊಳೆ, ಕಾಡಿನಲ್ಲಿ ದರೋಡೆ. ಹದಿನಾಲ್ಕನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ಅದೇ ಪದಕ್ಕೆ ಪ್ರಯಾಣ ಎಂಬ ಅರ್ಥ ಗಟ್ಟಿಯಾಯಿತು. ಒಂದೇ ಪದ ಕೊನೆಗೆ ಎರಡು ಹೋಳಾಗಿ, ಕಷ್ಟಕ್ಕೆ ‘ಟ್ರವೇಲ್’ ಎಂದೂ ಪ್ರಯಾಣಕ್ಕೆ ‘ಟ್ರಾವೆಲ್’ ಎಂದೂ ಉಳಿಯಿತು.

ಫ್ರಾನ್ಸಿನಲ್ಲಿ ಪದ ದುಡಿಮೆಯ ಸಿಂಹಾಸನ ಏರಿದ್ದು ಹದಿನಾರನೇ ಶತಮಾನದಲ್ಲಿ. ಅಲ್ಲಿಯವರೆಗೆ ಆಳುತ್ತಿದ್ದ ಉವ್ರೇ ಒಂದು ವಿಚಿತ್ರ ತೊಂದರೆಗೆ ಸಿಕ್ಕಿತ್ತು. ‘ತೆರೆ’ ಎಂಬುದಕ್ಕೆ ಫ್ರೆಂಚಿನಲ್ಲಿ ‘ಉವ್ರೀರ್’. ‘ನಾನು ದುಡಿಯುತ್ತೇನೆ’ ಎಂದರೂ ‘ನಾನು ತೆರೆಯುತ್ತೇನೆ’ ಎಂದರೂ ಕಿವಿಗೆ ಕೇಳುವುದು ಒಂದೇ ಆಗತೊಡಗಿತು. ದಿನವೂ ಬೇಕಾಗುವ ಎರಡು ಕ್ರಿಯಾಪದಗಳು ಹೀಗೆ ಡಿಕ್ಕಿ ಹೊಡೆದರೆ ಒಂದು ದಾರಿ ಬಿಡಲೇಬೇಕು. ಉವ್ರೇ ಬಿಟ್ಟಿತು. ಅದರ ನೆನಪಾಗಿ ಕಾರ್ಮಿಕನಿಗೆ ‘ಉವ್ರಿಯೇ’ ಎಂಬ ಹೆಸರು ಉಳಿದಿದೆ. ರಜೆಯ ಲೆಕ್ಕದಲ್ಲಿ ‘ಝೂರ್ ಉವ್ರಾಬ್ಲ್’ ಎಂಬ ಮಾತೂ ಉಳಿದಿದೆ. ಅಂಗಡಿ ತೆರೆದಿರುವ ದಿನ ಎಂದು ಎಷ್ಟೋ ಫ್ರೆಂಚರು ತಿಳಿದಿದ್ದಾರೆ, ನಿಜವಾಗಿ ಅದು ದುಡಿಯಬಹುದಾದ ದಿನ. ವಾರಕ್ಕೆ ಆರು ದಿನದ ಈ ಲೆಕ್ಕದಲ್ಲೇ ಅಲ್ಲಿನ ಕಾನೂನು ನೌಕರರಿಗೆ ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ ಕೊಡುತ್ತದೆ.

ದುಡಿಮೆ ಹಿಂಸೆ ಎಂಬ ಭಾವ ಪದದ ಹುಟ್ಟಿನಲ್ಲೇ ಇದ್ದು ಫ್ರೆಂಚರ ಮನಸ್ಸನ್ನು ರೂಪಿಸಿದೆ ಎನ್ನುವವರು 1831ರ ಲಿಯೋಂ ನಗರವನ್ನು ನೋಡಬೇಕು. ಅಲ್ಲಿನ ಕ್ರ್ವಾ-ರೂಸ್ ಗುಡ್ಡದ ಮೇಲೆ ಸಾವಿರಾರು ರೇಷ್ಮೆ ನೇಕಾರರು. ಅವರನ್ನು ‘ಕಾನ್ಯೂ’ಗಳು ಎಂದು ಕರೆಯುತ್ತಿದ್ದರು. ನಮ್ಮ ರೇಷ್ಮೆ ಸೀರೆಯ ಮಗ್ಗದ ಮೇಲೆ ಕೂರುವ ಜಕಾರ್ಡ್ ಹುಟ್ಟಿದ್ದು ಇದೇ ಊರಿನಲ್ಲಿ, ಜೋಸೆಫ್-ಮಾರಿ ಜಾಕಾರ್ ಕೈಯಲ್ಲಿ. ನೇಯ್ಗೆಗೆ ಕನಿಷ್ಠ ದರ ನಿಗದಿಯಾಗಬೇಕೆಂದು ಈ ನೇಕಾರರು ಕೇಳಿದರು. ನಿಗದಿಯಾದ ದರವನ್ನು ಕೊಡಲು ವ್ಯಾಪಾರಿಗಳಲ್ಲಿ ಹಲವರು ಒಪ್ಪಲಿಲ್ಲ. ನವೆಂಬರಿನಲ್ಲಿ ನೇಕಾರರು ಗುಡ್ಡವಿಳಿದು ಬೀದಿಗೆ ಬಂದಾಗ ಹಿಡಿದಿದ್ದ ಕಪ್ಪು ಬಾವುಟದ ಮೇಲಿನ ಮಾತಿನ ಅರ್ಥ ಹೀಗೆ: ದುಡಿಯುತ್ತ ಬದುಕುತ್ತೇವೆ, ಇಲ್ಲವೇ ಹೋರಾಡುತ್ತ ಸಾಯುತ್ತೇವೆ. ಅದರಲ್ಲಿದ್ದ ಕ್ರಿಯಾಪದ ತ್ರಾವಾಯೇ. ದರ ಕೇಳಿದವರು ದುಡಿಮೆಯನ್ನು ಬೇಡ ಎನ್ನಲಿಲ್ಲ, ಅದರಿಂದ ಬದುಕುವ ಹಕ್ಕು ಕೇಳಿದರು. 1848ರ ಫೆಬ್ರವರಿ ಕ್ರಾಂತಿಯಲ್ಲಿ ಪ್ಯಾರಿಸ್ಸಿನ ಕಾರ್ಮಿಕರೂ ಅದನ್ನೇ ಕೇಳಿದರು. ಎಲ್ಲ ನಾಗರಿಕರಿಗೂ ಕೆಲಸ ಒದಗಿಸುವುದಾಗಿ ಹೊಸ ಸರ್ಕಾರ ಫೆಬ್ರವರಿ 25ರಂದು ಘೋಷಿಸಿತು. ಜೂನ್‌ನಲ್ಲಿ ಇದಕ್ಕೆಂದು ತೆರೆದಿದ್ದ ಕಾರ್ಯಾಗಾರಗಳನ್ನು ಮುಚ್ಚಿದಾಗ ಬೀದಿಗಳಲ್ಲಿ ರಕ್ತ ಹರಿಯಿತು.

ಪದವನ್ನು ಬೇರೆ ಬೇರೆಯವರು ಬೇರೆ ಬೇರೆ ಕಡೆ ಎಳೆದಿದ್ದಾರೆ. ಕಾರ್ಲ್ ಮಾರ್ಕ್ಸ್‌ನ ಅಳಿಯ ಪೌಲ್ ಲಾಫಾರ್ಗ್ 1880ರಲ್ಲಿ ‘ಸೋಮಾರಿತನದ ಹಕ್ಕು’ ಎಂಬ ಪ್ರಖ್ಯಾತ ಬರಹದಲ್ಲಿ, ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ದುಡಿಯಬೇಕಿಲ್ಲ ಎಂದು ವಾದಿಸಿದ. ಮೇಯೆರ್ ಟಿಪ್ಪಣಿ ಬಂದದ್ದು ಅದಾಗಿ ಎಂಟು ವರ್ಷಕ್ಕೆ. ದುಡಿಮೆಯನ್ನು ಅಷ್ಟು ಕಟುವಾಗಿ ಟೀಕಿಸಲು ಲಾಫಾರ್ಗ್‌ಗೆ ಮೂರು ಗೂಟದ ಹಂಗೇ ಬೇಕಾಗಲಿಲ್ಲ. 1906ರಲ್ಲಿ ಫ್ರಾನ್ಸಿಗೆ ಕಾರ್ಮಿಕ ಸಚಿವಾಲಯ ಬಂತು, ಹೆಸರಿನಲ್ಲೇ ತ್ರಾವಾಯ್ ಇತ್ತು. 1940ರಲ್ಲಿ ನಾಜಿಗಳಿಗೆ ಮಣಿದ ವಿಶೀ ಆಡಳಿತ ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ಕಿತ್ತೆಸೆದು ‘ದುಡಿಮೆ, ಕುಟುಂಬ, ತಾಯ್ನಾಡು’ ಎಂಬ ಘೋಷವಾಕ್ಯ ಹಾಕಿದಾಗ ಮೊದಲ ಸ್ಥಾನದಲ್ಲಿ ನಿಂತದ್ದೂ ಇದೇ ಪದ. ಯುದ್ಧ ಮುಗಿದ ಮೇಲೆ 1946ರ ಸಂವಿಧಾನದ ಪೀಠಿಕೆ ಅದನ್ನು ಮರಳಿ ಜನರ ಕೈಗೆ ಕೊಟ್ಟಿತು: ಪ್ರತಿಯೊಬ್ಬರಿಗೂ ದುಡಿಯುವ ಕರ್ತವ್ಯವಿದೆ, ಉದ್ಯೋಗ ಪಡೆಯುವ ಹಕ್ಕೂ ಇದೆ. ಆ ಪೀಠಿಕೆ ಇಂದಿಗೂ ಜಾರಿಯಲ್ಲಿದೆ.

ನೋವಿನಿಂದ ದುಡಿಮೆಗೆ ದಾಟಿದ ಪದ ಫ್ರೆಂಚರಲ್ಲಿ ಮಾತ್ರ ಇದ್ದಿದ್ದರೆ ಅವರ ಸ್ವಭಾವದ ಬಗ್ಗೆ ಏನಾದರೂ ಹೇಳಬಹುದಿತ್ತೇನೋ. ಆದರೆ ಜರ್ಮನ್ನರ ‘ಆರ್ಬೈಟ್’ ಮಧ್ಯಯುಗದಲ್ಲಿ ಸಂಕಟ, ಪಾಡು ಎಂಬ ಅರ್ಥದಲ್ಲಿತ್ತು. ರೊಮೇನಿಯದ ‘ಮುಂಕಾ’ ಯಾತನೆ ಎಂಬ ಅರ್ಥದ ಹಳೆಯ ಸ್ಲಾವ್ ಪದದಿಂದ ಬಂದದ್ದು. ಗ್ರೀಕರ ದುಡಿಮೆಯ ಪದಕ್ಕೂ ಗುಲಾಮಗಿರಿಯ ಪದಕ್ಕೂ ಒಂದೇ ಬೇರು. ಜರ್ಮನ್ನರನ್ನು ದುಡಿಮೆಗೆ ಹೇಸುವವರು ಎಂದು ಯಾರೂ ಕರೆದಿಲ್ಲ.

ಹಾಗಾದರೆ ತೀರ್ಪೇನು? ತ್ರಾವಾಯೇ ತ್ರಿಪಾಲಿಯುಂ ವಂಶದ್ದಾಗಿರುವ ಸಂಭವ ಹೆಚ್ಚು, ಧ್ವನಿಯ ಸಾಕ್ಷ್ಯ ಆ ಕಡೆಗಿದೆ. ತೊಲೆಯ ಪದ ಅದಕ್ಕೆ ತಾಕಿರುವ ಸಂಭವವೂ ಹೆಚ್ಚು. ಆದರೆ ದುಡಿಯುವುದೆಂದರೆ ಚಿತ್ರಹಿಂಸೆ ಎಂದು ಫ್ರೆಂಚರು ಯಾವ ಕಾಲದಲ್ಲಾದರೂ ಭಾವಿಸಿದ್ದಕ್ಕೆ ಈ ಪದದಲ್ಲಿ ಪುರಾವೆಯಿಲ್ಲ. ಅದು ದುಡಿಮೆಯ ಅರ್ಥ ಪಡೆಯುವ ಹೊತ್ತಿಗೆ ಓಸೇರ್‌ನ ಗೂಟಗಳು ಮಣ್ಣಾಗಿ ಸಾವಿರ ವರ್ಷ ಕಳೆಯುತ್ತ ಬಂದಿತ್ತು.

ನಮ್ಮಲ್ಲೂ ಇಂಥ ಕಥೆಗಳಿಗೆ ಕೊರತೆಯಿಲ್ಲ. ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಅದರಿಂದ ಬೆಂಗಳೂರು ಎಂದು ಇವತ್ತಿಗೂ ಮಕ್ಕಳಿಗೆ ಹೇಳುತ್ತೇವೆ. ಬಲ್ಲಾಳ ಪಟ್ಟಕ್ಕೆ ಬಂದದ್ದೇ ಹನ್ನೆರಡನೇ ಶತಮಾನದ ಕೊನೆಯ ಭಾಗದಲ್ಲಿ. ಬೇಗೂರಿನ ವೀರಗಲ್ಲು ಸುಮಾರು 890ರಲ್ಲೇ ‘ಬೆಂಗಳೂರು ಕಾಳಗ’ದ ಮಾತಾಡುತ್ತದೆ. ಮುಂದಿನ ಸಲ ವಾಟ್ಸ್‌ಆ್ಯಪ್‌ನಲ್ಲಿ ಪದವೊಂದರ ಹುಟ್ಟಿನ ಕಥೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಯಾವ ಶಾಸನ, ಯಾವ ಗ್ರಂಥ, ಎಷ್ಟನೇ ಶತಮಾನ ಎಂದು ಕೇಳಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಕೋಶವಿದೆ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿದೆ. ಪದ ಎಲ್ಲಿ ಯಾವ ಅರ್ಥದಲ್ಲಿ ಬಳಕೆಯಾಗಿದೆ ಎಂದು ಪರಿಷತ್ತಿನ ನಿಘಂಟು ಪ್ರಯೋಗ ಸಹಿತ ತೋರಿಸುತ್ತದೆ. ಹತ್ತಿರದ ಗ್ರಂಥಾಲಯದಲ್ಲಿ ಒಂದು ಸಂಪುಟವನ್ನಾದರೂ ತೆರೆದು ನೋಡಿ.